ಮೇಕೆ ಹಾಲಿನ ಚೀಸ್ ಮಾಡಬೇಕೆಂದಿದ್ದೀರಾ? ಮೊದಲು ಹಾಲಿನ ಲೆಕ್ಕ ಹಾಕಿ

ಫೋನ್ ಮಾಡುವವರು ಮೊದಲು ಕೇಳುವುದು ಮೆಷಿನ್ ಬಗ್ಗೆ. "ಅಕ್ಕ, ಚೀಸ್ ಮಾಡೋ ಮೆಷಿನ್ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ?" ನಾನು ತಿರುಗಿ ಕೇಳುತ್ತೇನೆ: ಇವತ್ತು ಬೆಳಗ್ಗೆ ನಿಮ್ಮ ಮನೆಯಲ್ಲಿ ಎಷ್ಟು ಲೀಟರ್ ಮೇಕೆ ಹಾಲು ಕರೆದಿರಿ? ಬರೋ ಮಾರ್ಚ್‌ನಲ್ಲಿ ಎಷ್ಟು ಕರೆಯುತ್ತೀರಿ? ಅಲ್ಲಿಗೆ ಬಹಳ ಜನ ಸುಮ್ಮನಾಗುತ್ತಾರೆ. ಚೀಸ್ ಮಾಡುವುದನ್ನು ಯಾರು ಬೇಕಾದರೂ ಕಲಿಯಬಹುದು. ವರ್ಷವಿಡೀ ಒಂದೇ ಥರದ, ವಾಸನೆ ಇಲ್ಲದ, ರೋಗ ಇಲ್ಲದ ಹಾಲು ಬರುವ ಹಾಗೆ ಮೇಕೆ ಸಾಕುವುದೇ ಅರ್ಧಕ್ಕಿಂತ ಜಾಸ್ತಿ ಕೆಲಸ. ಹಾಗಾಗಿ ಇಲ್ಲಿ ಚೀಸ್ ಸ್ವಲ್ಪ ತಡವಾಗಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಮಳವಳ್ಳಿ ಕಡೆಯ ಹಳ್ಳಿ. ಕಬ್ಬು, ಒಂದಿಷ್ಟು ರೇಷ್ಮೆ ಸೊಪ್ಪು, ಬದುವಿನಲ್ಲಿ ತೆಂಗು. ನಮ್ಮ ಕಡೆ ಕುರಿ-ಮೇಕೆ ಅಂದರೆ ಬಾಡೂಟ. ಬನ್ನೂರು ಕುರಿ ಹೆಸರು ಮಾಡಿರುವುದೂ ಮಾಂಸಕ್ಕೇ. ಡೈರಿಗೆ ಹಾಕುವುದು ಹಸು, ಎಮ್ಮೆ ಹಾಲು. ಮೇಕೆ ಹಾಲು ಮರಿಗೆ ಮಾತ್ರ. ಡೆಂಗ್ಯೂ ಜಾಸ್ತಿಯಾದ ವರ್ಷ ಊರೊಳಗೆ ಕಾರುಗಳು ಬರುತ್ತವೆ, ಮೇಕೆ ಹಾಲು ಕೇಳಿಕೊಂಡು. ಮೇಕೆ ಹಾಲಿಂದ ಡೆಂಗ್ಯೂ ವಾಸಿಯಾಗುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ, ಆ ಮಾತು ಹೇಳಿ ಏನನ್ನೂ ಮಾರಬೇಡಿ. ನಾನು ಚೀಸ್ ಮಾಡುತ್ತೇನೆ ಅಂದಾಗ ನಮ್ಮತ್ತೆ, "ಒಳ್ಳೆ ಹಾಲ ಒಡುಸ್ಬುಟ್ಟು ಕಾಸ್ಗೆ ಮಾರ್ತೀಯಾ? ಯಾರವ್ವ ತಗತಾರೆ ಅದ್ನ?" ಅಂದಿದ್ದರು. ಈಗ ಬಟ್ಟೆ ಕಟ್ಟಿ ನೇತುಹಾಕುವ ಕೆಲಸ ಅವರದೇ. ಬೇರೆಯವರು ಕಟ್ಟಿದ ಗಂಟು ಅವರಿಗೆ ಸರಿಬರುವುದಿಲ್ಲ.

ಎಷ್ಟು ಮೇಕೆ, ಯಾವ ಮೇಕೆ

ಐದಾರು ಲೀಟರ್ ಮೇಕೆ ಹಾಲಿಗೆ ಸುಮಾರು ಒಂದು ಕಿಲೋ ಮೆತ್ತನೆಯ ತಾಜಾ ಚೀಸ್ ಬರುತ್ತದೆ. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ, ಮಿಕ್ಕಿದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ. ನಮ್ಮ ನಾಟಿ ಮೇಕೆ ಮರಿ ಪಾಲು ಬಿಟ್ಟು ಅರ್ಧ ಲೀಟರ್ ಕೊಟ್ಟರೆ ದೊಡ್ಡದು. ಪಂಜಾಬಿನ ಬೀಟಲ್, ಉತ್ತರ ಪ್ರದೇಶದ ಜಮುನಾಪಾರಿ ಜಾಸ್ತಿ ಕೊಡುತ್ತವೆ, ಒಂದೂವರೆ-ಎರಡು ಲೀಟರ್‌ವರೆಗೂ. ಆದರೆ ಅಲ್ಲಿಂದ ಲಾರಿ ಹತ್ತಿ ಬಂದ ಮೇಕೆ ಇಲ್ಲಿನ ಮಳೆಗಾಲದ ತೇವಕ್ಕೆ ಒಗ್ಗುವಷ್ಟರಲ್ಲಿ ಡಾಕ್ಟ್ರ ಖರ್ಚೇ ಆಗುತ್ತದೆ. ಸ್ವಿಟ್ಜರ್ಲೆಂಡಿನ ಸಾನೆನ್ ಹಾಲಿನ ರಾಣಿ, ನಮ್ಮ ಏಪ್ರಿಲ್ ಬಿಸಿಲಿಗೆ ಅಲ್ಲ. ನನ್ನ ಆಯ್ಕೆ ಕೇರಳದ ತಲಚೇರಿ ತಳಿ, ಇಲ್ಲವೇ ಅದರ ಹೋತದಿಂದ ನಾಟಿ ಮೇಕೆಗೆ ಹುಟ್ಟಿದ ಮಿಶ್ರ. ಹಾಲು ಮುಕ್ಕಾಲು ಲೀಟರಿಂದ ಒಂದು ಲೀಟರ್, ಮರಿಗಳು ಹೆಚ್ಚಾಗಿ ಅವಳಿ, ಹವೆ ನಮ್ಮದಕ್ಕೆ ಹತ್ತಿರ.

ಈಗ ಲೆಕ್ಕ. ಹನ್ನೆರಡು ಮೇಕೆ ಹಾಲಿನಲ್ಲಿವೆ, ತಲಾ ಮುಕ್ಕಾಲು ಲೀಟರ್ ನಿಮಗೆ ಸಿಗುತ್ತದೆ ಅನ್ನಿ. ದಿನಕ್ಕೆ ಒಂಬತ್ತು ಲೀಟರ್, ಅಂದರೆ ಒಂದೂವರೆ ಕಿಲೋ ಚೀಸ್, ವಾರಕ್ಕೆ ಹತ್ತು ಕಿಲೋ. ಶುರುವಿಗೆ ಇದು ಧಾರಾಳ. ಆದರೆ ಯಾವಾಗಲೂ ಹನ್ನೆರಡು ಕರೆಯುವ ಮೇಕೆ ಇರಬೇಕಾದರೆ ದೊಡ್ಡಿಯಲ್ಲಿ ಇಪ್ಪತ್ತೈದರ ಹತ್ತಿರ ಹೆಣ್ಣು ಮೇಕೆ ಬೇಕು. ಮೇಕೆ ನಾಲ್ಕೈದು ತಿಂಗಳು ಕರೆಯುತ್ತದೆ, ಆಮೇಲೆ ಬತ್ತುತ್ತದೆ. ಗಬ್ಬದ ಅವಧಿ ಐದು ತಿಂಗಳು. ಯಾವ ದಿನ ನೋಡಿದರೂ ಅರ್ಧ ದೊಡ್ಡಿ ಸುಮ್ನೆ ತಿನ್ನುತ್ತಿರುತ್ತದೆ.

ಎಲ್ಲವನ್ನೂ ಹೋತದ ಜೊತೆ ಒಟ್ಟಿಗೆ ಬಿಟ್ಟರೆ ಎಲ್ಲವೂ ಒಟ್ಟಿಗೆ ಮರಿ ಹಾಕುತ್ತವೆ, ಎಲ್ಲವೂ ಒಟ್ಟಿಗೆ ಬತ್ತುತ್ತವೆ. ಆ ತಿಂಗಳು ಗಿರಾಕಿಗೆ ಏನು ಕೊಡುತ್ತೀರಿ? ಹಾಗಾಗಿ ಮಂದೆಯನ್ನು ಮೂರು ಗುಂಪು ಮಾಡಿ. ಒಂದು ಗುಂಪು ಗಬ್ಬ ಕಟ್ಟಿದ ಎರಡು-ಮೂರು ತಿಂಗಳಿಗೆ ಇನ್ನೊಂದನ್ನು ಬಿಡಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಬಾಲ ಆಡಿಸುವುದು, ಸುಮ್ಮನೆ ಅರಚುವುದು ನೋಡಿದರೆ ಗೊತ್ತಾಗುತ್ತದೆ. ಗೋಡೆ ಕ್ಯಾಲೆಂಡರಿನಲ್ಲಿ ಕೂಡಿಸಿದ ದಿನ, ಮರಿ ಹಾಕುವ ದಿನ ಎರಡೂ ಗುರುತು ಮಾಡಿ. ನಮ್ಮ ಮನೆಯಲ್ಲಿ ಸೊಸೈಟಿ ಕ್ಯಾಲೆಂಡರ್ ಪಂಚಾಂಗಕ್ಕಿಂತ ಜಾಸ್ತಿ ಇದಕ್ಕೇ ಬಳಕೆ.

ಹೋತವನ್ನು ಕರೆಯುವ ಮೇಕೆಗಳಿಂದ ದೂರ ಕಟ್ಟಿ. ಅದರ ಗಬ್ಬು ವಾಸನೆ ಮೈಗೆ, ಕೈಗೆ, ಹಾಲಿಗೆ ಹತ್ತುತ್ತದೆ. ಮೇಕೆ ಹಾಲೆಂದರೆ ವಾಸನೆ ಎನ್ನುವವರು ಕುಡಿದಿರುವುದು ಹೋತದ ಪಕ್ಕದಲ್ಲಿ ಕರೆದ ಹಾಲು, ಇಲ್ಲವೇ ಬಿಸಿಲಲ್ಲಿ ಇಟ್ಟ ಹಾಲು.

ಸಹಾಯಧನದ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ರಾಷ್ಟ್ರೀಯ ಜಾನುವಾರು ಮಿಷನ್ನಿನ 2021ರ ನಿಯಮದಲ್ಲಿ ಮೇಕೆ ಘಟಕಕ್ಕೆ ಶೇ 50 ಸಹಾಯಧನ ಇದೆ. ಅಲ್ಲಿ ಚಿಕ್ಕ ಘಟಕ ಅಂದರೇ 100 ಹೆಣ್ಣು, 5 ಹೋತ. ನೂರು ಮೇಕೆ ಕಟ್ಟಿಕೊಂಡರೆ ದಿನವೆಲ್ಲ ಸೊಪ್ಪು ಕೊಯ್ಯುವುದೇ ಆಗುತ್ತದೆ, ಚೀಸ್ ಮಾಡಲು ಯಾರೂ ಉಳಿಯುವುದಿಲ್ಲ. ಸಬ್ಸಿಡಿ ನೋಡಿ ಮಂದೆ ಕಟ್ಟಬೇಡಿ. ಕಿರು ಆಹಾರ ಘಟಕಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಕೋಣೆ, ಪಾತ್ರೆ, ಫ್ರಿಜ್ಜಿಗೆ ಹತ್ತಿರವಾದದ್ದು. ಅದು ಬ್ಯಾಂಕ್ ಸಾಲದ ಜೊತೆ ಬರುವ ದುಡ್ಡು ಅನ್ನುವುದು ನೆನಪಿರಲಿ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಮೇವು, ದೊಡ್ಡಿ

ಮಂಡ್ಯದವರಿಗೆ ಮೇವಿನ ಚಿಂತೆ ಕಡಿಮೆ, ನಿಜ. ಆದರೆ ಕಬ್ಬಿನ ಸೋಗೆ ಒಂದೇ ಹಾಕಿದರೆ ಹಾಲು ಬರುವುದಿಲ್ಲ. ಮೇಕೆಗೆ ಗಿಡದ ಸೊಪ್ಪು ಬೇಕು. ಬದುವಿನಲ್ಲಿ ಅಗಸೆ ಮರ, ನುಗ್ಗೆ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಹಾಕಿ. ಹಲಸಿನ ಸೊಪ್ಪು ಕೊಟ್ಟು ನೋಡಿ, ಕಡ್ಡಿ ಬಿಟ್ಟು ಏನೂ ಉಳಿಸುವುದಿಲ್ಲ. ಸುಬಾಬುಲ್ ಕೊಡಬಹುದು, ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ಅದರಲ್ಲಿರುವ ಮಿಮೋಸಿನ್ ಎಂಬ ವಿಷ ಜಾಸ್ತಿಯಾದರೆ ಕೂದಲು ಉದುರುತ್ತದೆ. ಕರೆಯುವ ಮೇಕೆಗೆ ದಿನಕ್ಕೆ ಮೂರು-ನಾಲ್ಕು ಕಿಲೋ ಹಸಿರು, ಹುರುಳಿ ಹೊಟ್ಟು, ಜೊತೆಗೆ ಕಾಲು ಕಿಲೋದಷ್ಟು ಹಿಂಡಿ-ಬೂಸಾ.

ರೇಷ್ಮೆ ಸೊಪ್ಪು ಮೇಕೆಗೆ ಪಂಚಭಕ್ಷ್ಯ. ಹುಳ ಸಾಕುವವರ ಮನೆಯಲ್ಲಿ ತಿಂದು ಬಿಟ್ಟ ಸೊಪ್ಪು, ಕಡ್ಡಿ ಬೇಕಾದಷ್ಟು ಇರುತ್ತದೆ. ಅಲ್ಲೊಂದು ಎಚ್ಚರ: ಹುಳದ ಹಾಸಿಗೆಗೆ ರೋಗ ಬಾರದಿರಲೆಂದು ಸುಣ್ಣ, ಔಷಧಿ ಪುಡಿ ಉದುರಿಸಿರುತ್ತಾರೆ. ಆ ಸೊಪ್ಪು ಗೊಬ್ಬರದ ಗುಂಡಿಗೆ ಹೋಗಲಿ. ತೋಟದಿಂದ ನೇರವಾಗಿ ಕೊಯ್ದ ಸೊಪ್ಪು ಮಾತ್ರ ಮೇಕೆಗೆ. ಈರುಳ್ಳಿ ಸೊಪ್ಪು, ಕೋಸಿನ ಎಲೆ ಇದ್ದರೆ ಹಾಲು ಕರೆದ ಮೇಲೆ ಹಾಕಿ. ಮುಂಚೆ ಹಾಕಿದರೆ ಅದರ ವಾಸನೆ ಹಾಲಿಗೆ, ಹಾಲಿಂದ ಚೀಸಿಗೆ.

ದೊಡ್ಡಿಯ ನೆಲ ಎತ್ತರದಲ್ಲಿರಲಿ, ಹಲಗೆಗಳ ಮಧ್ಯೆ ಸಂದು ಬಿಟ್ಟು ಹಾಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ. ಕೆಚ್ಚಲು ಒಣಗಿರುತ್ತದೆ. ಗದ್ದೆ ಪಕ್ಕದಲ್ಲಿದ್ದರೆ ನಾಲ್ಕೂ ಕಡೆ, ಮೇಲೂ ಗಟ್ಟಿ ಜಾಲರಿ ಹೊಡೆಸಿ. ಕಬ್ಬಿನೊಳಗೆ ಚಿರತೆ ಮರಿ ಹಾಕುವ ಊರು ನಮ್ಮದು, ಬಿದಿರು ತಟ್ಟಿ ನಂಬಬೇಡಿ.

ಕರೆಯುವ ಮುಂಚೆ, ಕರೆದ ಮೇಲೆ

ಮಂದೆಗೆ ಪಿಪಿಆರ್ (ಕುರಿ-ಮೇಕೆಗೆ ಹರಡುವ ಜ್ವರ-ಭೇದಿ ರೋಗ), ಕರುಳುಬೇನೆ ಲಸಿಕೆ ಹಾಕಿಸಿ, ಜಂತು ಔಷಧಿ ಕುಡಿಸಿ. ಇದು ಎಲ್ಲ ಮೇಕೆ ಸಾಕುವವರೂ ಮಾಡುವುದೇ. ಚೀಸ್ ಮಾಡುವವರು ಇನ್ನೊಂದು ಮಾಡಬೇಕು, ಬ್ರುಸೆಲ್ಲಾ ರಕ್ತಪರೀಕ್ಷೆ. ಮೇಕೆಗೆ ಕಂದು ಹಾಕುವ ಈ ರೋಗ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು, ತಿಂಗಳುಗಟ್ಟಲೆ. ಪಶು ಆಸ್ಪತ್ರೆಯಲ್ಲಿ ರಕ್ತ ತೆಗೆಸಿ ಕಳಿಸಬಹುದು. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಶೋಧನೆಯ ನಿವೇದಿ ಸಂಸ್ಥೆ ಈ ರೋಗದ ಮೇಲೆ ಕೆಲಸ ಮಾಡುತ್ತದೆ. ಹೊಸ ಮೇಕೆ ತಂದರೆ ಪರೀಕ್ಷೆ ಆಗುವವರೆಗೆ ಬೇರೆ ಕಟ್ಟಿ. ಕಂದು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.

ಮರಿ ಹಾಕಿದ ನಾಲ್ಕೈದು ದಿನದ ಗಿಣ್ಣು ಹಾಲು ಪೂರ್ತಿ ಮರಿಗೆ. ಆಮೇಲೆ ಹಗಲಲ್ಲಿ ಮರಿ ತಾಯಿ ಜೊತೆ, ರಾತ್ರಿ ಬೇರೆ, ಬೆಳಗಿನ ಹಾಲು ನಮಗೆ. ಮರಿ ಸೊರಗುವ ಹಾಗೆ ಕರೆಯಬೇಡಿ. ಗಂಡು ಮರಿ ಮಾರಿದ ದುಡ್ಡು ಮೊದಲ ವರ್ಷ ಚೀಸಿನ ದುಡ್ಡಿಗಿಂತ ಜಾಸ್ತಿ ಇರುತ್ತದೆ. ಬಕ್ರೀದ್, ಮಾರಿಹಬ್ಬದ ಹೊತ್ತಿಗೆ ಮರಿ ತೂಕ ಬರಬೇಕು ಅಲ್ವಾ?

ಕೆಚ್ಚಲು ಒರೆಸಿ, ಒಣಗಿಸಿ, ಮೊದಲ ಎರಡು-ಮೂರು ಧಾರೆ ಕಪ್ಪು ಬಟ್ಟಲಿಗೆ ಹಿಂಡಿ. ಗಡ್ಡೆ, ನೀರು, ಕೆಂಪು ಕಂಡರೆ ಕೆಚ್ಚಲು ಬಾವು. ಆ ಮೇಕೆ ಹಾಲು ಬೇರೆ. ಇಂಜೆಕ್ಷನ್ ಕೊಟ್ಟರೆ ಎಷ್ಟು ದಿನ ಹಾಲು ಬಳಸಬಾರದೆಂದು ಡಾಕ್ಟ್ರನ್ನು ಕೇಳಿ ಬರೆದಿಡಿ. ಆಂಟಿಬಯಾಟಿಕ್ ಇರುವ ಹಾಲಿನಲ್ಲಿ ಹೆಪ್ಪು ಸಾಯುತ್ತದೆ. ಒಂದು ಮೇಕೆಯ ಹಾಲು ಕ್ಯಾನಿಗೆ ಬಿದ್ದರೆ ಅವತ್ತಿನ ಇಡೀ ಕ್ಯಾನ್ ಹೋಯಿತು.

ಕರೆದ ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿ ತಕ್ಷಣ ತಣ್ಣಗೆ ಮಾಡಿ. ಕ್ಯಾನನ್ನು ಐಸ್ ನೀರಿನ ತೊಟ್ಟಿಯಲ್ಲಿಟ್ಟು ತಿರುಗಿಸಿ, ನಾಲ್ಕು ಡಿಗ್ರಿಗೆ ಇಳಿಸಿ ಫ್ರಿಜ್ಜಿಗೆ. ಎತ್ತಿ ಸುರಿದು, ಕುಲುಕಿ ಮಾಡಬೇಡಿ. ಮೇಕೆ ಹಾಲಿನ ಕೊಬ್ಬು ಬೇಗ ಒಡೆದು ಕಮಟು ವಾಸನೆ ಬರುತ್ತದೆ.

ಕೋಣೆ

ಹತ್ತು ಅಡಿಗೆ ಹನ್ನೆರಡು ಅಡಿ ಸಾಕು. ದೊಡ್ಡಿಯಿಂದ ದೂರ, ಗಾಳಿ ಆ ಕಡೆಯಿಂದ ಬೀಸದ ಜಾಗದಲ್ಲಿ. ತೊಳೆಯುವ ಗೋಡೆ, ಇಳಿಜಾರು ನೆಲ, ಕಿಟಕಿಗೆ ಸೊಳ್ಳೆ ಜಾಲರಿ, ಬಾಗಿಲಲ್ಲಿ ಬೇರೆ ಚಪ್ಪಲಿ. ಪಾತ್ರೆ ಎಲ್ಲ ಸ್ಟೀಲ್. ಅಲ್ಯೂಮಿನಿಯಂ ಬೇಡ, ಹುಳಿಗೆ ತಿಂದುಹೋಗುತ್ತದೆ. ಒಂದು ಸಣ್ಣ ಎಸಿ ಬೇಕೇ ಬೇಕು, ಕಾರಣ ಕೆಳಗೆ ಹೇಳುತ್ತೇನೆ. ಕರೆಂಟ್ ಹೋದಾಗ ಫ್ರಿಜ್ ಓಡಲು ಇನ್ವರ್ಟರ್.

ತೊಳೆಯುವುದರಲ್ಲಿ ಒಂದು ಕ್ರಮ ಇದೆ. ಮೊದಲು ಉಗುರುಬೆಚ್ಚಗಿನ ನೀರು. ಕುದಿಯುವ ನೀರು ಮೊದಲೇ ಹಾಕಿದರೆ ಹಾಲು ಪಾತ್ರೆಗೆ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಸೋಪು, ಬಿಸಿನೀರು, ಕೊನೆಗೆ ಕುದಿಯುವ ನೀರು. ನಮ್ಮ ಬೋರ್ ನೀರು ಗಡಸು, ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಆ ಪದರದೊಳಗೆ ಕ್ರಿಮಿ ಮನೆ ಮಾಡುತ್ತವೆ. ವಾರಕ್ಕೊಮ್ಮೆ ವಿನೆಗರ್ ನೀರಿನಲ್ಲಿ ತಿಕ್ಕಿ.

ಚೀಸ್

ಮೊದಲ ಚೀಸಾಗಿ ಹುಳಿ ಹೆಪ್ಪಿನ ಮೆತ್ತನೆ ಚೀಸನ್ನೇ ಮಾಡಿ. ಫ್ರಾನ್ಸಿನಲ್ಲಿ ಶೆವ್ರ್ ಅನ್ನುವುದು ಇದನ್ನೇ. ಇದಕ್ಕೆ ತಿಂಗಳುಗಟ್ಟಲೆ ಹಣ್ಣಾಗಿಸುವ ತಂಪು ಕೋಣೆ ಬೇಡ. ಮೂರನೇ ದಿನ ಮಾರಬಹುದು.

ಹಾಲನ್ನು ದೊಡ್ಡ ಪಾತ್ರೆ ನೀರಿನೊಳಗೆ ಇಟ್ಟು ಕಾಯಿಸಿ, 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂವತ್ತು ನಿಮಿಷ ಹಿಡಿಯಿರಿ. ಥರ್ಮಾಮೀಟರ್ ನೋಡುತ್ತಲೇ ಇರಬೇಕು, ಕೈಯಳತೆ ನಡೆಯುವುದಿಲ್ಲ. ಉಕ್ಕಿಸಬೇಡಿ. ಉಕ್ಕಿಸಿದ ಹಾಲಿನಲ್ಲಿ ಪ್ರೋಟೀನ್ ಕೆಟ್ಟು ರೆನೆಟ್ (ಹಾಲನ್ನು ಗಡ್ಡೆ ಕಟ್ಟಿಸುವ ದ್ರವ) ಸರಿಯಾಗಿ ಹಿಡಿಯುವುದಿಲ್ಲ. ಹಸಿ ಹಾಲಿನ ಚೀಸ್ ರುಚಿ ಎಂದು ಯಾರಾದರೂ ಹೇಳಿದರೆ ಬ್ರುಸೆಲ್ಲಾ ನೆನಪಿಸಿಕೊಳ್ಳಿ. ಅರ್ಧ ಗಂಟೆ ಆದ ಮೇಲೆ ತಣ್ಣೀರಿನ ತೊಟ್ಟಿಯಲ್ಲಿಟ್ಟು ಬೇಗ 22 ಡಿಗ್ರಿಗೆ ಇಳಿಸಿ.

ಈಗ ಹೆಪ್ಪು. ಮನೆ ಮೊಸರಿನ ಹೆಪ್ಪು ಹಾಕಿದರೂ ಗಟ್ಟಿಯಾಗುತ್ತದೆ, ಆದರೆ ಇವತ್ತಿನ ರುಚಿ ನಾಳೆ ಇರುವುದಿಲ್ಲ. ಮಾರುವವರಿಗೆ ಪ್ಯಾಕೆಟ್ಟಿನ ಮೀಸೋಫಿಲಿಕ್ ಕಲ್ಚರ್ ಒಳ್ಳೆಯದು. ಇದು ಉಗುರುಬೆಚ್ಚಗಿನದಕ್ಕಿಂತ ಕಡಿಮೆ ಬಿಸಿಯಲ್ಲಿ ಬೆಳೆಯುವ ಹೆಪ್ಪು. ಫ್ರೀಜರಿನಲ್ಲಿಡಿ. ಪ್ಯಾಕೆಟ್ ಮೇಲಿನ ಅಳತೆಯಂತೆ ಪುಡಿಯನ್ನು ಹಾಲಿನ ಮೇಲೆ ಉದುರಿಸಿ, ಎರಡು ನಿಮಿಷ ನೆನೆಯಲು ಬಿಟ್ಟು, ನಿಧಾನ ಕಲಸಿ. ಆಮೇಲೆ ರೆನೆಟ್, ಐದು ಲೀಟರಿಗೆ ಎರಡು-ಮೂರು ಹನಿ ಅಷ್ಟೇ. ಕುದಿಸಿ ಆರಿಸಿದ ನೀರಿನಲ್ಲಿ ಬೆರೆಸಿ ಹಾಕಿ. ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬೇಡ. ಸೂಕ್ಷ್ಮಜೀವಿಯಿಂದ ಮಾಡಿದ್ದೇ ಕೇಳಿ ತರಿಸಿ. ಇಲ್ಲದಿದ್ದರೆ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಹಾಕುವ ಹಾಗಿಲ್ಲ, ನಮ್ಮ ಗಿರಾಕಿ ಮೊದಲು ನೋಡುವುದೂ ಅದನ್ನೇ.

ಮುಚ್ಚಿ, ಅಲುಗಾಡಿಸದೆ ಹದಿನೆಂಟು ಗಂಟೆ ಆಸುಪಾಸು ಬಿಡಿ. ಕೋಣೆ 20ರಿಂದ 24 ಡಿಗ್ರಿ ಒಳಗೇ ಇರಬೇಕು. ಎಸಿ ಬೇಕೆಂದಿದ್ದು ಇದಕ್ಕೇ. ಮಂಡ್ಯದ ಬೇಸಿಗೆಯಲ್ಲಿ ಹಾಗೇ ಬಿಟ್ಟರೆ ಹುಳಿ ಓಡುತ್ತದೆ, ಬೇಡದ ಕ್ರಿಮಿಯೂ ಅದರ ಜೊತೆ ಓಡುತ್ತದೆ. ಎಸಿ ಬರುವವರೆಗೆ ದೊಡ್ಡ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಪಾತ್ರೆ ಇಟ್ಟು ಪಕ್ಕದಲ್ಲಿ ಐಸ್ ಬಾಟಲಿ ನಿಲ್ಲಿಸಬಹುದು. ರಾತ್ರಿ ಎದ್ದು ನೋಡಬೇಕಾಗುತ್ತದೆ.

ಆಗಿದೆ ಎಂದು ಗೊತ್ತಾಗುವುದು ಹೀಗೆ. ಮುಚ್ಚಳ ತೆಗೆದರೆ ಮೇಲೆ ಬೆರಳು ಗಾತ್ರದ ತಿಳಿ ನೀರು ನಿಂತಿರುತ್ತದೆ, ಹಳದಿ-ಹಸಿರು ಛಾಯೆ. ಗಡ್ಡೆ ತಳಕ್ಕೆ ಇಳಿದು ಪಾತ್ರೆ ಅಂಚು ಬಿಟ್ಟಿರುತ್ತದೆ. ಚಾಕು ಹಾಕಿ ಎತ್ತಿದರೆ ಸೀಳು ನೇರವಾಗಿ ಬಿರಿಯುತ್ತದೆ, ಬಿರುಕಿನೊಳಗೆ ನೀರು ಒಸರುತ್ತದೆ. ಬಣ್ಣ ಸುಣ್ಣದಷ್ಟು ಬಿಳಿ. ಹಸುವಿನ ಹಾಲಿಗೆ ಹಳದಿ ಕೊಡುವ ಕ್ಯಾರೋಟಿನ್ ಮೇಕೆ ಹಾಲಿನಲ್ಲಿ ಇರುವುದಿಲ್ಲ. ಮೂಸಿದರೆ ಶುದ್ಧ ಹುಳಿ. ಹುಳಿ ಅಳೆಯುವ ಪಿಎಚ್ ಮೀಟರ್ ಇದ್ದರೆ 4.6ಕ್ಕಿಂತ ಕೆಳಗೆ ತೋರಿಸಬೇಕು. ಗಡ್ಡೆ ಮೇಲೆ ತೇಲುತ್ತಿದ್ದರೆ, ಒಳಗೆ ಗುಳ್ಳೆ ತೂತು ಕಂಡರೆ, ಹೆಂಡದ ವಾಸನೆ ಬಂದರೆ ಕೊಳಕು ಸೇರಿದೆ ಎಂದೇ ಅರ್ಥ. ರುಚಿ ನೋಡಲೂ ಹೋಗಬೇಡಿ, ಗುಂಡಿಗೆ ಸುರಿದು ಪಾತ್ರೆ, ಬಟ್ಟೆ ಎಲ್ಲ ಕುದಿಸಿ.

ಮೇಕೆ ಹಾಲಿನ ಗಡ್ಡೆ ಬಹಳ ನಾಜೂಕು. ಗಟ್ಟಿ ಹಿಡಿಸುವ ಒಂದು ಬಗೆಯ ಪ್ರೋಟೀನ್ ಇದರಲ್ಲಿ ಕಡಿಮೆ. ಸೌಟಿನಲ್ಲಿ ತೆಳ್ಳಗೆ ಪದರ ಪದರವಾಗಿ ತೆಗೆದು, ಕುದಿಸಿ ಒಣಗಿಸಿದ ಮಸ್ಲಿನ್ ಬಟ್ಟೆಗೆ ಇಳಿಸಿ. ಕಲಕಿ ಸುರಿದರೆ ನುಣ್ಣನೆಯ ಭಾಗ ನೀರಿನ ಜೊತೆ ಹೋಗಿಬಿಡುತ್ತದೆ, ತೂಕ ಕಡಿಮೆಯಾಗುತ್ತದೆ. ಗಂಟು ಕಟ್ಟಿ ಅದೇ ತಂಪಿನಲ್ಲಿ ಅರ್ಧ ದಿನ ನೇತುಹಾಕಿ. ಹಿಂಡಬೇಡಿ. ನಮ್ಮತ್ತೆ ಮಧ್ಯೆ ಒಮ್ಮೆ ಬಿಚ್ಚಿ, ಅಂಚಿಗೆ ಗಟ್ಟಿಯಾದದ್ದನ್ನು ಒಳಗೆ ಮಡಚಿ ಮತ್ತೆ ಕಟ್ಟುತ್ತಾರೆ. ಆಗ ಎಲ್ಲ ಕಡೆ ಒಂದೇ ಹದ. ಕೊನೆಗೆ ತೂಗಿ, ಕಿಲೋಗೆ ಹತ್ತರಿಂದ ಹದಿನೈದು ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಸೇರಿಸಿ. ಕಣ್ಣಂದಾಜು ಬೇಡ, ತಕ್ಕಡಿ ಇಟ್ಟುಕೊಳ್ಳಿ.

ನಾಲ್ಕು ಡಿಗ್ರಿಯಲ್ಲಿ ಹತ್ತು ದಿನ ಎಂದು ಲೆಕ್ಕ ಇಟ್ಟುಕೊಂಡು ಮಾರಿ. ಹಾಲು ಜಾಸ್ತಿ ಬರುವ ತಿಂಗಳಿಗೆ ಫೆಟಾ ಥರದ ಉಪ್ಪುನೀರಿನ ಚೀಸ್ ಕಲಿಯಿರಿ. ಶೇ ಎಂಟರಿಂದ ಹತ್ತರ ಉಪ್ಪುನೀರಿನಲ್ಲಿ, ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬೂದಿ ಹಚ್ಚಿದ್ದು, ಬಿಳಿ ಬೂಷ್ಟು ಬೆಳೆಸಿದ್ದು ಆಮೇಲಿನ ಮಾತು.

ಉಳಿದ ಹುಳಿ ನೀರು ಚೀಸಿಗಿಂತ ನಾಲ್ಕೈದು ಪಟ್ಟು ಇರುತ್ತದೆ. ಚರಂಡಿಗೆ ಬಿಟ್ಟರೆ ಎರಡೇ ದಿನದಲ್ಲಿ ನಾತ, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಹಸುವಿನ ಬಾನಿಗೆ ಸ್ವಲ್ಪ ಸ್ವಲ್ಪ ಹಾಕಿ. ಹತ್ತು ಪಟ್ಟು ನೀರು ಬೆರೆಸಿ ತೆಂಗಿನ ಬುಡಕ್ಕೆ ಬಿಡಿ, ದಿನಾ ಒಂದೇ ಮರಕ್ಕಲ್ಲ. ರೊಟ್ಟಿ ಹಿಟ್ಟು ಇದರಲ್ಲೇ ಕಲಸಿ ನೋಡಿ.

ಕಾಗದ

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇಲ್ಲದೆ ಒಂದು ಡಬ್ಬಿಯನ್ನೂ ಮಾರಬೇಡಿ. ಫಾಸ್ಕಾಸ್ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು, ಸಣ್ಣ ವಹಿವಾಟಿಗೆ ಲೈಸೆನ್ಸ್ ಅಲ್ಲ, ನೋಂದಣಿ ಸಾಕು. ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡುವ ಕೆಲಸ ಅಲ್ಲವೇ ಅಲ್ಲ. ಲೇಬಲ್ ಮೇಲೆ ಮೇಕೆ ಹಾಲಿನದೆಂದು ಸ್ಪಷ್ಟವಾಗಿ, ಸಾಮಗ್ರಿ, ತೂಕ, ಮಾಡಿದ ದಿನ, ಎಂದಿನೊಳಗೆ ತಿನ್ನಬೇಕು, ಬ್ಯಾಚ್ ನಂಬರ್, 14 ಅಂಕಿಯ ನೋಂದಣಿ ಸಂಖ್ಯೆ, ಹಸಿರು ಚುಕ್ಕೆ. ಬ್ಯಾಚ್ ಪುಸ್ತಕದಲ್ಲಿ ಹಾಲು, ಡಿಗ್ರಿ, ಗಂಟೆ, ತೂಕ ಬರೆದಿಡಿ. ಆಗಾಗ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ ಕೋಲಿಫಾರ್ಮ್, ಲಿಸ್ಟೀರಿಯಾ, ಸಾಲ್ಮೊನೆಲ್ಲಾ ಕ್ರಿಮಿ ಇದೆಯಾ ನೋಡಿಸಿ. ಕಲಿಯಲು ದೂರ ಹೋಗಬೇಕಿಲ್ಲ. ಮೇಕೆ, ಮೇವಿನ ವಿಷಯಕ್ಕೆ ಮಂಡ್ಯದ ವಿ.ಸಿ. ಫಾರ್ಮ್ ಮತ್ತು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಗಳಿವೆ. ಆಹಾರ ಶುಚಿತ್ವ, ಪ್ಯಾಕಿಂಗ್ ವಿಷಯಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ.

ಯಾರಿಗೆ ಮಾರುವುದು

ಊರಲ್ಲಿ ಯಾರೂ ಕೊಳ್ಳುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಹೊರದೇಶದವರು, ಅವರಿಗಾಗಿ ಇರುವ ಕೆಫೆಗಳು ಮೊದಲ ಗಿರಾಕಿ. ಅವರು ಬರುವುದು ತಂಪು ತಿಂಗಳಲ್ಲಿ. ಮರಿ ಹಾಕಿಸುವ ಕ್ಯಾಲೆಂಡರ್ ಅದಕ್ಕೆ ಹೊಂದಿಸಿ, ಒಂದು ಗುಂಪು ಅಕ್ಟೋಬರಿನಲ್ಲಿ ಮರಿ ಹಾಕಬೇಕಾದರೆ ಮೇ ತಿಂಗಳಲ್ಲಿ ಕೂಡಿಸಬೇಕು. ಹೋಟೆಲಿನ ಅಡುಗೆಯವರನ್ನು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ, ಮೂರು-ನಾಲ್ಕು ಗಂಟೆಗೆ ನೋಡಿ. ಕೈಯಲ್ಲಿ ಚಿಕ್ಕ ಡಬ್ಬಿ, ಐಸ್ ಪೆಟ್ಟಿಗೆ. "ವಾರಕ್ಕೆ ಎಷ್ಟು, ಯಾವ ದಿನ" ಎರಡು ಪ್ರಶ್ನೆ ಸಾಕು. ಹೂಂ ಅಂದ ಮೇಲೆ ಆ ದಿನ ತಪ್ಪಿಸಬೇಡಿ, ಉದ್ದರಿ ಎರಡನೇ ವಾರಕ್ಕೆ ಮೀರಿಸಬೇಡಿ.

ನಮ್ಮ ಜನ ಕೊಳ್ಳುವುದು ಖಾರ ಇದ್ದರೆ. ಕುಟ್ಟಿದ ಮೆಣಸಿನಲ್ಲಿ ಉರುಳಿಸಿದ್ದು, ಹುರಿದ ಕರಿಬೇವಿನ ಪುಡಿ ಹಾಕಿದ್ದು ಮೈಸೂರಿನ ಮನೆಗಳಿಗೆ ಹೋಗುತ್ತದೆ. ಬಿಸಿ ಅಕ್ಕಿರೊಟ್ಟಿ ಮೇಲೆ ಸವರಿ ರುಚಿ ತೋರಿಸಿದರೆ ಬೆಲೆ ಕೇಳಿ ಹುಬ್ಬು ಹಾರಿಸುವವರು ಕಡಿಮೆ. ಬೆಲೆ ಕಡಿಮೆ ಇಡಬೇಡಿ. ಒಂದು ಕಿಲೋಗೆ ಆರು ಲೀಟರ್ ಹಾಲು, ಹೆಪ್ಪು, ಕರೆಂಟು, ಐಸು, ಪೆಟ್ರೋಲು ಮತ್ತು ನಿಮ್ಮ ಕೂಲಿ ಹಾಕಿ ಬರೆದು ನೋಡಿ. ಸಾವಿರದ ಕೆಳಗೆ ಬರುವುದಿಲ್ಲ. ಹಸುವಿನ ಹಾಲು ಅಲರ್ಜಿ ಇರುವವರು, ಹಾಲು ಅರಗದವರು ಕೇಳಿಕೊಂಡು ಬರುತ್ತಾರೆ. ಮೇಕೆ ಹಾಲಿನಲ್ಲೂ ಲ್ಯಾಕ್ಟೋಸ್ ಇದೆ, ಪ್ರೋಟೀನ್ ಹಸುವಿನದಕ್ಕೆ ಹತ್ತಿರವೇ. ಡಾಕ್ಟ್ರನ್ನು ಕೇಳಿ ಬನ್ನಿ ಎಂದು ಹೇಳಿ ಕಳಿಸಿ.

ಬೆಂಗಳೂರಿಗೆ ಕಳಿಸುವ ಆಸೆ ಬೇಗ ಬರುತ್ತದೆ, ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಇದೆಯಲ್ಲ. ಆದರೆ 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬಿಸಿಲೇರುವ ಹೊತ್ತಿಗೆ ಐಸ್ ನೀರಾಗಿರುತ್ತದೆ. ವಾರಕ್ಕೆ ಹತ್ತು ಕಿಲೋ ಇರುವವರೆಗೆ ಮೈಸೂರೊಂದೇ ಸಾಕು. ಬೆಳಗಿನ ಜಾವ ಹೊರಟು, ಬಿಸಿಲಿಗೆ ಮುಂಚೆ ಕೊಟ್ಟು, ಖಾಲಿ ಡಬ್ಬಿ ಇಸಕೊಂಡು ಬನ್ನಿ.